ಹಾಡಿಗೆಂದೇ ಮಾಡಿದ ಸೀಡಿ

ನಾನು ನಿಜಕ್ಕೂ ಬೇರೆಯೋ, ಇಲ್ಲ ನನ್ನ ಬೆನ್ನಿನ ಮೇಲಿನ ಅಕ್ಷರಗಳು ಮಾತ್ರ ಬೇರೆಯೋ? ಗದಗಿನ ಒಂದು ಅಂಗಡಿಯ ಗಾಜಿನ ಕಪಾಟಿನಲ್ಲಿ ಕೂತು ಆರು ತಿಂಗಳು ನಾನು ಇದನ್ನೇ ಯೋಚಿಸಿದೆ. ಬೇರೆಯಾಗಿದ್ದರೆ ಆ ಬೇರೆತನ ನನ್ನ ಮೈಯಲ್ಲಿ ಎಲ್ಲಿದೆ? ಇಲ್ಲದಿದ್ದರೆ ನನಗೇಕೆ ಈ ಬೆಲೆ?

ನಾನು ಒಂದು ಸೀಡಿ. ಏನೂ ಬರೆಯದ ಖಾಲಿ ಸೀಡಿಯಾಗಿ ಹುಟ್ಟಿದವನು. ಹುಟ್ಟಿದ ಊರಿನ ಹೆಸರು ನನಗೆ ತಿಳಿಯದು, ಯಾಕೆಂದರೆ ಆ ಕಾರ್ಖಾನೆಗೆ ಕಿಟಕಿಗಳೇ ಇರಲಿಲ್ಲ. ಕರಗಿದ ಪ್ಲಾಸ್ಟಿಕ್ಕು ಅಚ್ಚಿನೊಳಗೆ ಬಿತ್ತು, ಯಂತ್ರ ಒತ್ತಿತು, ಕೆಲವು ಸೆಕೆಂಡುಗಳಲ್ಲಿ ನಾನು ಹೊರಬಂದೆ. ಮೈಮೇಲೆ ಬಣ್ಣ ಸುರಿದು ಗರಗರ ತಿರುಗಿಸಿದರು. ಅದರ ಮೇಲೆ ಬೆಳ್ಳಿಯ ತೆಳು ಪೊರೆ ಹಚ್ಚಿದರು. ಅಲ್ಲಿಯವರೆಗೆ ನನಗೂ ಪಕ್ಕದ ಸಾಲಿನ ಸೀಡಿಗಳಿಗೂ ಎಲ್ಲ ಒಂದೇ. ಅದೇ ಪ್ಲಾಸ್ಟಿಕ್ಕು, ಅದೇ ಬಣ್ಣ, ಅದೇ ಬೆಳ್ಳಿ. ನನ್ನನ್ನು ಒತ್ತಿದ ಅಚ್ಚಿನಲ್ಲಿ ಮಾತ್ರ ಒಂದು ಸಣ್ಣ ಗುರುತಿತ್ತು. ಕಣ್ಣಿಗೆ ಕಾಣದ ಆ ಗುರುತು ನನ್ನ ಒಳಸುತ್ತಿನಲ್ಲಿ ಉಳಿಯಿತು. ಅದನ್ನು ಓದಬಲ್ಲದ್ದು ಯಂತ್ರವೊಂದೇ. ಕೊನೆಗೆ ನನ್ನ ಬೆನ್ನಿಗೆ ಚಿನ್ನದ ಬಣ್ಣದಲ್ಲಿ 'ಮ್ಯೂಸಿಕ್' ಎಂದು ಅಚ್ಚು ಹಾಕಿ, ಗಟ್ಟಿ ಡಬ್ಬಿಯಲ್ಲಿ ಮಲಗಿಸಿದರು.

ಅಂಗಡಿಯಲ್ಲಿ ನನ್ನ ಪಕ್ಕಕ್ಕೆ ಐವತ್ತು ಸಾದಾ ಸೀಡಿಗಳನ್ನು ಒಂದು ಪ್ಲಾಸ್ಟಿಕ್ ಕಡ್ಡಿಗೆ ಪೋಣಿಸಿ ಇಟ್ಟಿದ್ದರು. ಅವುಗಳಿಗೆ ಡಬ್ಬಿಯಿಲ್ಲ, ಹೆಸರಿಲ್ಲ. ಅಂಥ ಐದು ಸೀಡಿಗಳ ಬೆಲೆ ನನ್ನೊಬ್ಬನದು. ಅವು ದಿನವೂ ಮಾರಾಟವಾಗುತ್ತಿದ್ದವು, ನಾನು ಕೂತೇ ಇದ್ದೆ. ನನಗೆ ಅವುಗಳ ಮೇಲೆ ತಾತ್ಸಾರವಿತ್ತು. ಅದು ತಾತ್ಸಾರವಲ್ಲ, ನಾನೂ ಅವುಗಳಂತೆಯೇ ಇರಬಹುದೆಂಬ ಭಯ ಎಂದು ಆಮೇಲೆ ತಿಳಿಯಿತು.

ನನ್ನನ್ನು ಕೊಂಡವನ ಹೆಸರು ಚನ್ನವೀರಯ್ಯ. ಬೆಟಗೇರಿಯಲ್ಲಿ ಹಿಂದುಸ್ತಾನಿ ಹಾಡುಗಾರಿಕೆ ಕಲಿಸುವ ಮಾಸ್ತರ. ಊರಿನಲ್ಲಿ ಎಲ್ಲರೂ ಅವನನ್ನು ಬಹುವಚನದಲ್ಲಿ ಕರೆಯುತ್ತಾರೆ. ನಾನು ಕರೆಯುವುದಿಲ್ಲ. ಅವನ ಕೈಗಳನ್ನು ನಾನು ಬಹಳ ಹತ್ತಿರದಿಂದ ನೋಡಿದ್ದೇನೆ.

ಅಂದು ಅವನು ಒಂದು ಸಾದಾ ಸೀಡಿಯನ್ನು ಎರಡು ಬೆರಳಲ್ಲಿ ಹಿಡಿದುಕೊಂಡು, ಸತ್ತ ಇಲಿಯನ್ನು ತಂದವನ ಹಾಗೆ ಅಂಗಡಿ ಹತ್ತಿದ. ಅಂಗಡಿಯ ದಾದಾಪೀರ ಟೇಪ್‌ರೆಕಾರ್ಡರೊಂದನ್ನು ಬಿಚ್ಚಿಕೊಂಡು ಕೂತಿದ್ದ.

"ಏ ದಾದಾಪೀರ, ಎಂಥಾ ಮಾಲು ಕೊಟ್ಟೀಯೋ? ನನ್ನ ಮಷೀನು ಮೂರ ಸಲ ಉಗುಳ್ತು."

"ಯಾವ ಮಷೀನ್ರಿ ಮಾಸ್ತರ?"

"ನನ್ನ ಹೇಂತಿ ತಮ್ಮ ಮಸ್ಕತ್ತಿನಿಂದ ತಂದು ಕೊಟ್ಟದ್ದು. ಹಾಡಿದ್ದು ಸೀದಾ ಸೀಡಿಗೆ ಇಳೀತದ, ಕಂಪ್ಯೂಟರ ಬೇಕಾಗಿಲ್ಲ."

ದಾದಾಪೀರ ನಕ್ಕ. "ಹಂಗ ಹೇಳ್ರಿ ಮತ್ತ. ಆ ಮಷೀನಿಗೆ ಒಂದು ಹಟ ಇರ್ತದ. ಮ್ಯೂಸಿಕ್ ಅಂತ ಗುರುತು ಇದ್ದ ಸೀಡಿ ಇಟ್ರ ಮಾತ್ರ ತಗೋತೈತಿ. ಕಂಪ್ಯೂಟರ ಆಗಿದ್ರ ಯಾವ್ದಾದ್ರೂ ನಡೀತಿತ್ತು." ಹಾಗೆಂದು ನನ್ನನ್ನು ಕಪಾಟಿನಿಂದ ತೆಗೆದು ಮುಂದಿಟ್ಟ.

ಚನ್ನವೀರಯ್ಯ ನನ್ನ ಚಿನ್ನದ ಅಕ್ಷರಗಳನ್ನು ನೋಡಿದ. "ಅಂದ್ರ ಇದು ಚಲೋ ಮಾಲು."

"ಚಲೋನೂ ಅಲ್ಲ, ಕೆಟ್ಟದ್ದೂ ಅಲ್ರಿ. ಆ ಸಾದಾ ಸೀಡಿಯಂಥಾದ್ದ ಮಾಲು. ಬಾಗಲದಾಗ ತೋರಸೋ ಪಾಸ್ ಇರ್ತದಲ್ರಿ, ಹಂಗ. ಒಳಗ ಹೊಕ್ಕ ಮ್ಯಾಲೆ ಎಲ್ಲಾರೂ ಒಂದ."

"ಹಾಡಿಗಂತನ ಮಾಡ್ಯಾರ ಅಂದ ಮ್ಯಾಲೆ ಸುಮ್ಮ ಮಾಡ್ಯಾರೇನು? ದನಿ ಹೆಚ್ಚು ಸ್ವಚ್ಛ ಹಿಡೀತಿರಬೇಕು. ನಿನಗ ಸ್ವರ ತಿಳೀತದೇನೋ?"

"ಸ್ವರ ತಿಳ್ಯಾಂಗಿಲ್ರಿ. ಸೀಡಿ ತಿಳೀತದ."

ನನ್ನ ಜೀವನದಲ್ಲಿ ನನ್ನ ಬಗ್ಗೆ ಯಾರಾದರೂ ಆಡಿದ ಪ್ರಾಮಾಣಿಕ ಮಾತು ಅದೊಂದೇ. ನನ್ನನ್ನು ಮಾರಿದರೆ ಲಾಭವಾಗುವವನೇ ಅದನ್ನು ಆಡಿದ. ನನ್ನ ಆರು ತಿಂಗಳ ಪ್ರಶ್ನೆಗೆ ಅಲ್ಲಿ ಉತ್ತರ ಸಿಕ್ಕಿತು. ಒಂದು ಜಾತಿಯ ಯಂತ್ರದ ಬಾಗಿಲು ನನಗೆ ತೆರೆಯುತ್ತದೆ, ಅಷ್ಟೇ. ಆ ಯಂತ್ರ ಮನೆಯಲ್ಲಿದ್ದವನಿಗೆ ನಾನು ಬೇಕೇ ಬೇಕು. ಇಲ್ಲದವನು ನನಗೆ ಕೊಟ್ಟ ಹೆಚ್ಚಿನ ಬೆಲೆ ದಂಡ. ಆದರೆ ಯಂತ್ರ ಇದ್ದವನಿಗೂ ನಾನು ಒಂದು ಸ್ವರವನ್ನು ಹೆಚ್ಚು ಶುದ್ಧವಾಗಿ ಹಿಡಿದುಕೊಡಲಾರೆ. ಚನ್ನವೀರಯ್ಯ ಕೊಂಡದ್ದು ನನ್ನನ್ನಲ್ಲ, ನನ್ನ ಬೆನ್ನಿನ ಅಕ್ಷರಗಳನ್ನು.

"ಹೊಳಿಯೋ ಕಡೆ ಬಟ್ಟು ತಾಗಸಬ್ಯಾಡ್ರಿ ಮಾಸ್ತರ, ಅಲ್ಲೇ ಹಾಡು ಕೂಡೂದು," ಎಂದು ದಾದಾಪೀರ ಹಿಂದಿನಿಂದ ಕೂಗಿದ. ಚನ್ನವೀರಯ್ಯ ಆಗಲೇ ಮೆಟ್ಟಿಲು ಇಳಿಯುತ್ತಿದ್ದ. "ಆತು ಆತು," ಎಂದ. ಕೇಳಿಸಿಕೊಳ್ಳದವರು ಹೇಳುವ ಮಾತು ಅದು.

ನನ್ನನ್ನು ತಂದದ್ದು ನೀಲಾಂಬಿಕಾಳ ಸಲುವಾಗಿ. ನೀಲಾ ಹೂಗಾರರ ಹುಡುಗಿ, ವಯಸ್ಸು ಇಪ್ಪತ್ತೆರಡು. ಬೆಳಿಗ್ಗೆ ಅಂಗಡಿಯಲ್ಲಿ ಹೂ ಕಟ್ಟುತ್ತಿದ್ದಳು. ಮಧ್ಯಾಹ್ನ ಮಾಸ್ತರನ ಮನೆಯಲ್ಲಿ ಹಾಡುತ್ತಿದ್ದಳು. ಒಂಬತ್ತು ವರ್ಷ ಹಾಗೆ ನಡೆದಿತ್ತು. ಆ ವರ್ಷ ಮಿರಜಿನಿಂದ ಒಂದು ಕಾಗದ ಬಂದಿತ್ತು. ಅಲ್ಲಿನ ಒಬ್ಬ ಹಿರಿಯ ಗಾಯಕಿ ಒಬ್ಬಳೇ ಶಿಷ್ಯೆಯನ್ನು ಮನೆಯಲ್ಲಿಟ್ಟುಕೊಂಡು ಕಲಿಸುತ್ತಾರಂತೆ. ಊಟ, ವಸತಿ ಅವರದೇ. ಅರ್ಧ ತಾಸು ಹಾಡಿದ್ದನ್ನು ಸೀಡಿ ಮಾಡಿ ದೀಪಾವಳಿಯೊಳಗೆ ಕಳಿಸಬೇಕು. ಕೇಳಿ, ಒಪ್ಪಿಗೆಯಾದರೆ ಕರೆಸಿಕೊಳ್ಳುತ್ತಾರೆ. ನೀಲಾಗೆ ಬೇರೆ ದಾರಿಯಿರಲಿಲ್ಲ. ಆ ಬಾಗಿಲು ತೆರೆದರೆ ಹಾಡು, ಇಲ್ಲದಿದ್ದರೆ ಹೂವು.

ಚನ್ನವೀರಯ್ಯ ಜಂಗಮ. ಪಾಠ ಶುರುವಾಗುವ ಮುಂಚೆ ಅವನ ಮನೆಯಲ್ಲಿ ಒಂದು ರೂಢಿಯಿತ್ತು. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ತಂಬೂರಿಗೆ, ಹಾರ್ಮೋನಿಯಂಗೆ, ತಬಲಾಕ್ಕೆ ಮೂರು ಬೆರಳಲ್ಲಿ ಎಳೆಯುವುದು. ಆಮೇಲೆ ಶಿಷ್ಯರು ಹಣೆಗೆ ಹಚ್ಚಿಕೊಳ್ಳುವುದು. ತಂಬೂರಿಯ ಕುಂಬಳದ ಮೇಲೆ ಆ ಮೂರು ಬಿಳಿ ಗೆರೆಗಳು ಚೆನ್ನಾಗಿ ಕಾಣುತ್ತಿದ್ದವು. ವಿಭೂತಿಯ ಮೇಲೆ ನನಗೆ ಸಿಟ್ಟಿಲ್ಲ.

ಅಂದು ಅವನು ಕಪ್ಪು ಯಂತ್ರಕ್ಕೂ ವಿಭೂತಿ ಎಳೆದ. ಆಮೇಲೆ ನನ್ನನ್ನು ಡಬ್ಬಿಯಿಂದ ತೆಗೆದ. ತಿರುಗಿಸಿ ತಿರುಗಿಸಿ ನೋಡಿದ. ಅಕ್ಷರವಿದ್ದ ಕಡೆ ಬೆನ್ನು, ಹೊಳೆಯುವ ಕಡೆ ಮೋರೆ ಎಂದು ಅವನ ಲೆಕ್ಕ. ಅವನ ಪ್ರತಿಬಿಂಬ ಕಂಡದ್ದು ಅಲ್ಲೇ ತಾನೆ. ವಿಭೂತಿಯನ್ನು ಬೆನ್ನಿಗೆ ಯಾರು ಹಚ್ಚುತ್ತಾರೆ? ಮೂರು ಒದ್ದೆ ಬೆರಳುಗಳನ್ನು ನನ್ನ ಹೊಳೆಯುವ ಮೈಮೇಲೆ ಎಳೆದ.

"ಮಾಸ್ತರ, ಅಲ್ಲಿ ಹಚ್ಚಬಾರದೇನೋರಿ," ಎಂದಳು ನೀಲಾ ಮೆಲ್ಲಗೆ.

"ಮಂಗಲ ಕಾರ್ಯಕ್ಕ ಅಪಶಕುನ ನುಡೀಬ್ಯಾಡ." ಆದರೂ ಅನುಮಾನ ಬಂದಿರಬೇಕು. ಗೆರೆಗಳು ಒಣಗುವವರೆಗೆ ಕಾದು, ಉಫ್ ಎಂದು ಊದಿ, ಧೋತರದ ಚುಂಗಿನಿಂದ ಒರೆಸಿದ. ಎರಡು ಗೆರೆ ಹೋದವು. ಮೂರನೆಯದರ ಒಂದು ತುಣುಕು, ಬೆರಳು ಗಟ್ಟಿಯಾಗಿ ಒತ್ತಿದ ಕಡೆ, ಮಂಜಿನಂತೆ ಉಳಿಯಿತು. ಅದು ಅವನಿಗೆ ಕಾಣಲಿಲ್ಲ. ನನಗೆ ಗೊತ್ತಿತ್ತು. ಕೂಗಲು ನನಗೆ ಬಾಯಿಯಿಲ್ಲ. ಹಾಡಿಗೆಂದೇ ಮಾಡಿದ ವಸ್ತುವಿಗೆ ಒಂದು ಮಾತೂ ಬರುವುದಿಲ್ಲ.

ಯಂತ್ರ ನನ್ನ ಗುರುತನ್ನು ಓದಿತು, ಒಳಗೆ ಬಿಟ್ಟುಕೊಂಡಿತು. ಮಾಸ್ತರನ ಹೆಂಡತಿ ಬಸಲಿಂಗಮ್ಮ ತಂಬೂರಿ ಮೀಟಲು ಕೂತಳು. ತಬಲಾ ನುಡಿಸುವವರಿರಲಿಲ್ಲ, ಅದರ ಬದಲು ವಿದ್ಯುತ್ತಿನ ಪೆಟ್ಟಿಗೆ ಇತ್ತು. ನೀಲಾ ಮುಲ್ತಾನಿ ರಾಗ ಹಾಡಿದಳು.

ಯಂತ್ರದ ಬೆಳಕು ನನ್ನನ್ನು ಸುಡುತ್ತಾ ಹೋಯಿತು. ಸುಟ್ಟಲ್ಲೆಲ್ಲ ಹಾಡು ಕೂತಿತು. ಅಂಥ ನೋವು ನನಗೆ ಮತ್ತೆ ಬೇಕೆನಿಸುತ್ತದೆ. ಮೊದಲು ನಿಧಾನವಾಗಿ ಬಂದಳು, ಒಂದೊಂದು ಸ್ವರವನ್ನೂ ಬಾಗಿಲು ತಟ್ಟಿ ಎಬ್ಬಿಸಿದ ಹಾಗೆ. ಆಮೇಲೆ ಸ್ವರಗಳು ವೇಗವಾಗಿ ಓಡುವ ತಾನಗಳು ಬಂದವು. ಒಂದೂ ಜಾರಲಿಲ್ಲ, ಒಂದೂ ಒಡೆಯಲಿಲ್ಲ. ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ, ಯಾಕೆಂದರೆ ಬೇರೆ ಯಾರೂ ಅಷ್ಟು ಹತ್ತಿರದಲ್ಲಿರಲಿಲ್ಲ. ಆದರೆ ತಾನಗಳ ನಡುವೆ ಬೆಳಕು ಆ ವಿಭೂತಿಯ ತುಣುಕಿನ ಕೆಳಗೆ ಬಂತು. ಪ್ರತಿ ಸುತ್ತಿನಲ್ಲೂ ಅಲ್ಲಿಗೆ ಬಂದಾಗ ಅದು ನನ್ನ ಮೈ ತಲುಪಲಿಲ್ಲ. ನನ್ನಲ್ಲಿ ಅಲ್ಲಲ್ಲಿ ಸಣ್ಣ ಸಣ್ಣ ಮೌನಗಳು ಉಳಿದುಕೊಂಡವು.

ಆಗ ಚನ್ನವೀರಯ್ಯ ಏನು ಮಾಡುತ್ತಿದ್ದ? ಯಂತ್ರದ ಮೋರೆಯ ಮೇಲೆ ಕುಣಿಯುವ ಕೆಂಪು ದೀಪಗಳನ್ನು ನೋಡುತ್ತಿದ್ದ. ದೀಪ ಹೆಚ್ಚು ಏರಿದರೆ ಗುಂಡಿ ತಿರುವುತ್ತಿದ್ದ, ಇಳಿದರೆ ಮತ್ತೆ ತಿರುವುತ್ತಿದ್ದ. ಒಂಬತ್ತು ವರ್ಷ ಕಲಿಸಿದ ಹುಡುಗಿ ತನ್ನ ಅತ್ಯುತ್ತಮ ಹಾಡು ಹಾಡುತ್ತಿದ್ದಳು, ಅವನು ದೀಪ ನೋಡುತ್ತಿದ್ದ.

ಮುಗಿದ ಮೇಲೆ ನನ್ನನ್ನು ಹೊರತೆಗೆದ. ಬೆಳಕಿಗೆ ಹಿಡಿದಾಗ ಮಂಜು ಕಂಡಿತೋ ಏನೋ, ಒದ್ದೆ ಬಟ್ಟೆಯಿಂದ ಚೆನ್ನಾಗಿ ಒರೆಸಿದ. ವಿಭೂತಿ ಪೂರಾ ಹೋಯಿತು. ನಾನು ಥಳಥಳ ಹೊಳೆದೆ. ಸಾಕ್ಷಿಯನ್ನು ತೊಳೆದದ್ದು ಅವನಿಗೆ ಗೊತ್ತಾಗಲಿಲ್ಲ. ಸುಡದೆ ಉಳಿದ ಜಾಗಕ್ಕೆ ಯಾವ ಬಟ್ಟೆಯೂ ಹಾಡನ್ನು ಒರೆಸಿ ತುಂಬಲಾರದು.

ನಂತರ ಮೂವರೂ ಕೂತು ಕೇಳಿದರು. ಹದಿನೆಂಟು ನಿಮಿಷ ಎಲ್ಲ ಸರಿಯಾಗಿತ್ತು. ನೀಲಾಳ ಕಣ್ಣು ಅರಳಿತ್ತು. ಆಮೇಲೆ ತಾನ ತುಂಡು ತುಂಡಾಯಿತು. ಬಿಕ್ಕಳಿಕೆ ಬಂದವಳ ದನಿಯ ಹಾಗೆ. ಎರಡು ನಿಮಿಷ ಹಾಗೇ ಇತ್ತು, ಮತ್ತೆ ನೆಟ್ಟಗಾಯಿತು.

ಚನ್ನವೀರಯ್ಯ ಯಂತ್ರ ನಿಲ್ಲಿಸಿದ. "ತಾನ ಒಡದದ."

"ನನಗೇನ ಒಡದಂಗ ಕೇಳಿಸ್ಲಿಲ್ಲರೀ ಹಾಡೂಮುಂದ," ಎಂದಳು ಬಸಲಿಂಗಮ್ಮ.

"ನಿನಗೇನ ತಿಳೀತದ? ತಂತಿ ಮೀಟಾಕಿ ನೀ." ನಂತರ ನೀಲಾಳ ಕಡೆ ತಿರುಗಿದ. "ಕ್ಯಾಸೆಟ್ಟಾಗಿದ್ರ ಇದೆಲ್ಲ ಮುಚ್ಚಿ ಹೋಗ್ತಿತ್ತು. ಇದು ಹಾಡಿಗಂತನ ಮಾಡಿದ ಸೀಡಿ. ಇದ್ದದ್ದ ಇದ್ದಂಗ ಹಿಡೀತದ. ಇದರ ಮುಂದ ಯಾರೂ ತಪ್ಪಿಸಿಕೊಳ್ಳಾಕ ಆಗೂದಿಲ್ಲ."

"ಇನ್ನೊಮ್ಮೆ ಹಾಡ್ತೀನ್ರಿ ಮಾಸ್ತರ. ದೀಪಾವಳಿಗೆ ಇನ್ನೂ ಎಂಟು ದಿನ ಐತಿ. ದಾದಾಪೀರನ ಅಂಗಡಿಗೆ ಹೋಗಿ ಇಂಥಾದ್ದ ಸೀಡಿ ನಾನ ತರ್ತೀನಿ."

"ಹತ್ತ ತಂದ್ರೂ ಅದನ್ನ ಹಿಡೀತದ. ಗಂಟಲಾಗ ಇದ್ದದ್ದು ಸೀಡ್ಯಾಗ ಬರ್ತದ. ಈ ಸಲ ಬ್ಯಾಡ ನೀಲಾ. ಇಂಥಾದ್ದು ಕಳಿಸಿದ್ರ ನನ್ನ ಹೆಸರಿಗೂ ಬರೋಬರಿ ಅಲ್ಲ."

ನಾನು ಯಂತ್ರದ ಬಾಯಲ್ಲಿ ಅರ್ಧ ಹೊರಗೆ ಇದ್ದೆ. ಅಲ್ಲಿಂದ ಅವನ ಮೋರೆ ಚೆನ್ನಾಗಿ ಕಾಣುತ್ತಿತ್ತು. ತಾನ ಒಡೆದದ್ದು ಕೇಳಿದಾಗ ಆ ಮೋರೆಗೆ ಮೊದಲು ಬಂದದ್ದು ದುಃಖವಲ್ಲ, ನೆಮ್ಮದಿ. ಬೆಟಗೇರಿಯಲ್ಲಿ ಅವನ ಹೆಸರನ್ನು ಹಿಡಿದಿಟ್ಟಿದ್ದ ಏಕೈಕ ದನಿ ಮಿರಜಿಗೆ ಹೋಗುವುದಿಲ್ಲವೆಂಬ ನೆಮ್ಮದಿ. ದುಃಖ ಆಮೇಲೆ ಬಂತು, ಅದೂ ನಿಜವಾದದ್ದೇ. ಆದರೆ ಎರಡನೆಯದಾಗಿ ಬಂತು.

ನೀಲಾ ವಾದ ಮಾಡಲಿಲ್ಲ. ಹಾಡುವವರಿಗೆ ತಮ್ಮ ದನಿ ತಮಗೆ ಸರಿಯಾಗಿ ಕೇಳಿಸುವುದಿಲ್ಲವಂತೆ. ಅವಳು ಮಾಸ್ತರನ ಕಿವಿಯನ್ನು ನಂಬಿದ್ದಳು. ಮಾಸ್ತರ ತನ್ನ ಕಿವಿ ಬಿಟ್ಟು ನನ್ನನ್ನು ನಂಬಿದ್ದ. ನಾನೋ, ಬೆನ್ನಿನ ಮೇಲೆ ಸುಳ್ಳು ಹೊತ್ತವನು. ಹದಿನೈದು ದಿನ ಅವಳು ಪಾಠಕ್ಕೆ ಬಂದಳು. ತಾನ ಬರುವ ಜಾಗದಲ್ಲಿ ಉಸಿರು ಹಿಡಿಯುತ್ತಿದ್ದಳು. ಹೆದರಿದ ಗಂಟಲು ಆಗ ನಿಜವಾಗಿಯೂ ತಡವರಿಸತೊಡಗಿತು. "ನೋಡು," ಎನ್ನುತ್ತಿದ್ದ ಅವನು. ಆಮೇಲೆ ಅವಳು ಬರುವುದನ್ನು ಬಿಟ್ಟಳು.

ಒಂದು ವರ್ಷ ನಾನು ಅವನ ಮನೆಯ ಗೋಡೆಯ ಗೂಡಿನಲ್ಲಿ ಪಂಚಾಂಗದ ಕೆಳಗೆ ಬಿದ್ದಿದ್ದೆ. ಮೌನವನ್ನು ನಾನು ಮೊದಲೂ ಬಲ್ಲೆ. ಹುಟ್ಟಿದಾಗ ನನ್ನ ತುಂಬ ಮೌನವೇ ಇತ್ತು, ಅದಕ್ಕೆ ಕಾಯುವ ಗುಣವಿತ್ತು. ಹಾಡಿನ ಮಧ್ಯದಲ್ಲಿ ಸಿಕ್ಕಿಬಿದ್ದ ಈ ಮೌನ ಯಾರನ್ನೂ ಕಾಯುವುದಿಲ್ಲ. ಹಲ್ಲಿನ ಸಂದಿಯ ಕಲ್ಲಿನ ಹಾಗೆ ಇರುತ್ತದೆ.

ಮುಂದಿನ ವರ್ಷ ಮಿರಜಿನಿಂದ ಮತ್ತೆ ಕಾಗದ ಬಂತು. ಹೋದ ವರ್ಷ ಒಪ್ಪಿಗೆಯಾಗುವ ದನಿ ಯಾರದೂ ಸಿಗಲಿಲ್ಲ, ಈ ವರ್ಷ ಇದ್ದರೆ ಕಳಿಸಿ ಎಂದಿತ್ತು. ಬಸಲಿಂಗಮ್ಮ ರೊಟ್ಟಿ ಬಡಿಯುತ್ತಿದ್ದವಳು ಅಡುಗೆಮನೆಯಿಂದಲೇ ಕೇಳಿದಳು, "ನೀಲಾಗ ಹೇಳಿ ಕಳಸ್ಲೇನ್ರೀ?"

"ತಡಿ, ಮೊದಲ ಇನ್ನೊಮ್ಮೆ ಕೇಳಿ ನೋಡ್ತೀನಿ," ಎಂದ ಚನ್ನವೀರಯ್ಯ.

ನನ್ನನ್ನು ಯಂತ್ರಕ್ಕೆ ಹಾಕಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ. ಈ ಸಲ ಕೆಂಪು ದೀಪಗಳಿಗೆ ಕೆಲಸವಿರಲಿಲ್ಲ. ಮೊದಲ ಬಾರಿಗೆ ಅವನು ನಿಜವಾಗಿ ಕೇಳಿದ. ಹದಿನೆಂಟು ನಿಮಿಷ ಅವನ ತಲೆ ತೂಗಿತು. ಆ ಜಾಗ ಬಂತು. ತಾನ ತುಂಡಾಯಿತು. ಅವನು ಹುಬ್ಬು ಗಂಟಿಕ್ಕಿದ. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಮೂರನೆಯ ಸಲ ಕೇಳಿದ.

ತಂಬೂರಿಯೂ ಅಲ್ಲೇ ತುಂಡಾಗುತ್ತಿತ್ತು. ತಬಲಾದ ಪೆಟ್ಟಿಗೆಯೂ ಅಲ್ಲೇ ಬಿಕ್ಕುತ್ತಿತ್ತು. ಒಂದು ಹುಡುಗಿಯ ಗಂಟಲು ತಂಬೂರಿಯ ತಂತಿಯನ್ನು ಹೇಗೆ ಒಡೆಯುತ್ತದೆ?

ಅವನು ಹೆಡ್‌ಫೋನ್ ತೆಗೆದು ಕೆಳಗಿಟ್ಟ. ನನ್ನನ್ನು ಹೊರತೆಗೆದು ಹೊಳೆಯುವ ಕಡೆಯನ್ನು ನೋಡಿದ. ಓರೆಯಾಗಿ ಹಿಡಿದಾಗ ಸುಟ್ಟ ಬಣ್ಣದ ನಡುವೆ ಒಂದು ಬೆರಳಿನಷ್ಟು ಜಾಗ ಬೇರೆಯಾಗಿ ಕಂಡಿತು. ಆಮೇಲೆ ತನ್ನ ಬಲಗೈಯ ಮೂರು ಬೆರಳುಗಳನ್ನು ನೋಡಿಕೊಂಡ. ಅವುಗಳಿಗೆ ಆ ದಿನದ ಪೂಜೆಯ ವಿಭೂತಿ ಇನ್ನೂ ಅಂಟಿತ್ತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

"ಏನಂತೀರಿ? ಹೇಳಿ ಕಳಸ್ಲೋ ಬ್ಯಾಡೋ?" ಬಸಲಿಂಗಮ್ಮ ಸೆರಗಿನಿಂದ ಕೈ ಒರೆಸುತ್ತಾ ಬಾಗಿಲಿಗೆ ಬಂದಳು.

ಹೇಳುತ್ತಾನೆಂದುಕೊಂಡೆ. ಅವನ ಬಾಯಿ ತೆರೆಯಿತು ಕೂಡ. ಅವಳು ಮತ್ತೆ ಹಾಡಬಹುದಿತ್ತು, ಮತ್ತೊಂದು ಸೀಡಿ ಬರಬಹುದಿತ್ತು, ದಾದಾಪೀರನ ಅಂಗಡಿ ಹತ್ತು ನಿಮಿಷದ ದಾರಿ.

"ಬ್ಯಾಡ," ಎಂದ. "ಆಕಿ ರಿಯಾಜ ಬಿಟ್ಟು ವರ್ಷಾತು. ಸುಮ್ಮ ಆಸೆ ಯಾಕ ಹಚ್ಚೂದು?"

ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟ. ಅದೇ ವಾರ ಯಂತ್ರವನ್ನು ದಾದಾಪೀರನಿಗೆ ಮಾರಿಬಿಟ್ಟ. ನನ್ನನ್ನು ತೋರಿಸಿ ಹೆಂಡತಿಗೆ, "ಇದನ್ನ ಎಲ್ಲಾದ್ರೂ ಒಗಿ," ಎಂದ. ಮುರಿದು ಹಾಕುವ ಧೈರ್ಯವೂ ಅವನಿಗಿರಲಿಲ್ಲ.

ಬಸಲಿಂಗಮ್ಮ ನನ್ನನ್ನು ಒಗೆಯಲಿಲ್ಲ. ಹೂವಿನ ಅಂಗಡಿಗೆ ಹೋದಾಗ ನೀಲಾಳ ಕೈಗೆ ಕೊಟ್ಟಳು. "ನೀ ಹಾಡಿದ್ದು ಐತಿ ಯವ್ವಾ, ನಿನ್ನ ಕಡೆನ ಇರ್ಲಿ."

"ನನ್ನ ಒಡಕ ದನಿ ನಾ ಎಷ್ಟಂತ ಕೇಳ್ಲೆಬೇ?" ಎಂದು ನೀಲಾ ನಕ್ಕಳು. ಆದರೂ ಇಟ್ಟುಕೊಂಡಳು. ಬಾಳೆನಾರನ್ನು ನನ್ನ ನಡುವಿನ ತೂತಿಗೆ ಪೋಣಿಸಿ, ಸೇವಂತಿಗೆ ಮಾಲೆಗಳ ಪಕ್ಕ ತೂಗುಹಾಕಿದಳು. ಗಾಳಿಗೆ ತಿರುಗಿ ಮಿಂಚಿದರೆ ಹಾದು ಹೋಗುವವರು ಅಂಗಡಿಯ ಕಡೆ ನೋಡುತ್ತಾರೆಂದು.

ಅಂದಿನಿಂದ ನಾನು ಇಲ್ಲೇ ಇದ್ದೇನೆ, ಹನ್ನೆರಡು ವರ್ಷವಾಯಿತು. ಬಿಸಿಲಿಗೆ ನನ್ನ ಬಣ್ಣ ಮಾಸಿದೆ, ಅಂಚಿನಲ್ಲಿ ಬೆಳ್ಳಿ ಹಪ್ಪಳದಂತೆ ಎದ್ದಿದೆ. ಚಿನ್ನದ ಅಕ್ಷರಗಳು ಅಳಿಸಿಹೋಗಿವೆ. ಈಗ ಯಾರಾದರೂ ನನ್ನನ್ನೂ ಒಂದು ಸಾದಾ ಸೀಡಿಯನ್ನೂ ಅಕ್ಕಪಕ್ಕ ಇಟ್ಟರೆ ನನ್ನ ತಾಯಿಗೂ ಗುರುತು ಸಿಗಲಿಕ್ಕಿಲ್ಲ. ಹೆಚ್ಚಿನ ಬೆಲೆ ಕೊಟ್ಟವನು ಮೋಸಹೋದನೇ ಎಂದು ಕೇಳಿದರೆ, ಇಲ್ಲ ಎನ್ನುತ್ತೇನೆ. ಅವನ ಯಂತ್ರಕ್ಕೆ ನಾನು ಬೇಕಿತ್ತು, ಬಾಗಿಲು ತೆರೆಯಿತು, ಲೆಕ್ಕ ಅಲ್ಲಿಗೆ ಚುಕ್ತಾ. ಅಲ್ಲಿಂದಾಚೆ ಅವನು ನನಗೆ ಕೊಟ್ಟ ನಂಬಿಕೆಗೆ ಮಾತ್ರ ನನ್ನಲ್ಲಿ ಏನೂ ಇರಲಿಲ್ಲ. ಅದರ ದಂಡವನ್ನು ಕಟ್ಟಿದವಳು ನನ್ನ ಕೆಳಗೆ ಕೂತು ಹೂ ಕಟ್ಟುತ್ತಿದ್ದಾಳೆ. ಅವಳು ಗುನುಗುವುದೂ ಇಲ್ಲ.

ಚನ್ನವೀರಯ್ಯ ದಿನಾ ಬೆಳಿಗ್ಗೆ ಪೂಜೆಯ ಹೂವಿಗೆ ಇಲ್ಲಿಗೇ ಬರುತ್ತಾನೆ. ಊರಿನಲ್ಲಿ ಬೇರೆ ಹೂವಿನ ಅಂಗಡಿಗಳಿವೆ. ಇಲ್ಲಿಗೇ ಯಾಕೆ ಬರುತ್ತಾನೋ ನನಗೆ ತಿಳಿಯದು. ನೀಲಾ ಎದ್ದು ನಿಲ್ಲುತ್ತಾಳೆ, "ಬರ್ರಿ ಮಾಸ್ತರ," ಎನ್ನುತ್ತಾಳೆ, ಕೇಳಿದ್ದಕ್ಕಿಂತ ಒಂದು ಹಿಡಿ ಹೆಚ್ಚು ಹಾಕುತ್ತಾಳೆ. ಅವನು ನನ್ನ ಕಡೆ ನೋಡುವುದಿಲ್ಲ. ಒಂದೇ ಸಲ, ಮೊದಲ ದಿನ, "ಇದ್ಯಾಕ ಕಟ್ಟೀ?" ಎಂದು ಕೇಳಿದ್ದ. "ಹೊಳೀತದ್ರಿ," ಎಂದಿದ್ದಳು.

ಇವತ್ತು ಬೆಳಿಗ್ಗೆ ಅವನು ಬಂದಾಗ ಅಂಗಡಿಯ ಮುಂದೆ ಮದುವೆಮನೆಯ ಹೆಂಗಸೊಬ್ಬಳು ಮಾಲೆ ಆರಿಸುತ್ತಿದ್ದಳು. "ಯವ್ವಾ ನೀಲವ್ವ, ನೀ ಹಿಂದಕ ಎಷ್ಟ ಚಂದ ಹಾಡ್ತಿದ್ದಿ! ನಮ್ಮ ಮದುವಿ ಅಕ್ಕಿಕಾಳಿಗೆ ಬಂದು ಒಂದ ಹಾಡ ಹಾಡಲ," ಎಂದಳು.

"ಇಲ್ಲಬೇ, ನನ್ನ ದನಿ ಒಡಕ ಐತಿ," ಎಂದಳು ನೀಲಾ ಗಂಟು ಬಿಗಿಯುತ್ತಾ. "ಬೇಕಾದ್ರ ಮಾಸ್ತರನ್ನ ಕೇಳು, ಇಲ್ಲೇ ನಿಂತಾರ. ಅವರ ಕೇಳಿ ಹೇಳ್ಯಾರ."

ಹೆಂಗಸು ಅವನ ಕಡೆ ತಿರುಗಿದಳು. ನೀಲಾಳೂ ತಲೆಯೆತ್ತಿ ನೋಡಿದಳು. ಗಾಳಿಗೆ ನಾನು ಒಂದು ಸುತ್ತು ತಿರುಗಿದೆ, ಬಿಸಿಲು ನನ್ನಿಂದ ಜಾರಿ ಅವನ ಮೋರೆಯ ಮೇಲೆ ಬಿತ್ತು. ಅವನು ಕಣ್ಣು ಕಿರಿದು ಮಾಡಿಕೊಂಡ. ಬಿಲ್ವಪತ್ರಿಯ ಪೊಟ್ಟಣ ಎತ್ತಿಕೊಂಡ, ಚಿಲ್ಲರೆಯನ್ನು ಹೂವಿನ ಮೇಲಿಟ್ಟ, ಹೊರಟುಹೋದ.

ಒಡೆದದ್ದು ನಿನ್ನ ದನಿಯಲ್ಲ, ನನ್ನ ಬೆರಳಿನ ವಿಭೂತಿಯಿಂದ ಸೀಡಿ ಕೆಟ್ಟಿತ್ತು ಎಂದು ಅವನು ಅವಳಿಗೆ ಹೇಳಲೇ ಇಲ್ಲ.